ಕಡಲನ್ನು ಬಲ್ಲವರೂ ಕಲಿಸಬಲ್ಲವರೂ

ಭೂಮಂಡಲದ ಮೇಲ್ಮೈಯಲ್ಲಿ ನೂರಕ್ಕೆ 71 ಪಾಲನ್ನು ಸಮುದ್ರವೇ ಆವರಿಸಿಕೊಂಡಿದ್ದರೂ, ಇಳೆಯ ನೀರಿನಲ್ಲಿ ನೂರಕ್ಕೆ ಸುಮಾರು 97 ಪಾಲು ಅದರ ಒಡಲಲ್ಲಿಯೇ ಇದ್ದರೂ, ಮಳೆ ಗಾಳಿ ಬಿಸಿಲುಗಳ ಮೂಲವನ್ನು ಅರಸಿ ಹೊರಟ ಜಿಜ್ಞಾಸುವು ಕಟ್ಟಕಡೆಗೆ ಅದರ ದಡಕ್ಕೇ ಬಂದು ನಿಲ್ಲಬೇಕಾಗಿದ್ದರೂ, ಶಾಲೆಗಳ ವಿಜ್ಞಾನ ಪಾಠದಲ್ಲಿ ಅದಕ್ಕೆ ದೊರೆತಿರುವ ಸ್ಥಾನ ಅತ್ಯಲ್ಪವಾದುದು. ವಿಜ್ಞಾನದಲ್ಲಿ ಅಗ್ರಗಣ್ಯವೆನಿಸಿಕೊಂಡ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿಯೂ ಪರಿಸ್ಥಿತಿ ಬೇರೆಯಾಗಿರಲಿಲ್ಲ. 1996ರಲ್ಲಿ ಆ ದೇಶವು ಪ್ರಕಟಿಸಿದ ವಿಜ್ಞಾನ ಶಿಕ್ಷಣದ ರಾಷ್ಟ್ರೀಯ ಮಾನದಂಡಗಳಲ್ಲಿ ಕಡಲಿನ ಪ್ರಸ್ತಾಪವು ನಾಮಮಾತ್ರಕ್ಕೆ ಇದ್ದಿತು. ಅದೇ ದೇಶದ ಎರಡು ತೀರಗಳಲ್ಲಿ ವುಡ್ಸ್ ಹೋಲ್, ಸ್ಕ್ರಿಪ್ಸ್ ಮೊದಲಾದ ಜಗದ್ವಿಖ್ಯಾತ ಸಂಶೋಧನಾಲಯಗಳು ದಶಕಗಳಿಂದ ನಡೆದುಬಂದಿದ್ದವು. ಅವುಗಳ ಹಡಗುಗಳು ಸಪ್ತಸಾಗರಗಳ ಆಳವನ್ನು ಅಳೆದು ಬಂದಿದ್ದವು. ಕಡಲನ್ನು ಬಲ್ಲವರಿಗೆ ಅಲ್ಲಿ ಕೊರತೆಯಿರಲಿಲ್ಲ. ಮಕ್ಕಳಿಗೆ ಕಲಿಸಬಲ್ಲವರಿಗೂ ಕೊರತೆಯಿರಲಿಲ್ಲ. ಈ ಎರಡು ವರ್ಗದವರು ಒಂದೇ ಮೇಜಿನ ಸುತ್ತ ಕುಳಿತು, ತಮಗೆ ತಿಳಿದುದನ್ನು ಪರಸ್ಪರ ಪರೀಕ್ಷೆಗೆ ಒಡ್ಡಿಕೊಳ್ಳುವ ಏರ್ಪಾಡು ಮಾತ್ರ ಇರಲಿಲ್ಲ. ಅಂತಹ ಏರ್ಪಾಡೊಂದು ಹೇಗೆ ಹುಟ್ಟಿತು, ಹೇಗೆ ನಡೆಯಿತು, ಅದರಿಂದ ಯಾರಿಗೆ ಯಾವ ಲಾಭವಾಯಿತು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಹಾಗೆಂದು ಈ ಆಲೋಚನೆ ಇಂದು ನಿನ್ನೆಯದಲ್ಲ. ಮ್ಯಾಸಚೂಸೆಟ್ಸ್ ಸಂಸ್ಥಾನದ ಬಝರ್ಡ್ಸ್ ಕೊಲ್ಲಿಯಲ್ಲಿ ಪೆನಿಕೀಸ್ ಎಂಬ ಪುಟ್ಟ ದ್ವೀಪವೊಂದುಂಟು. ಹಾರ್ವರ್ಡ್ ವಿಶ್ವವಿದ್ಯಾನಿಲಯದ ಪ್ರಾಣಿಶಾಸ್ತ್ರಜ್ಞರಾಗಿದ್ದ ಲೂಯಿ ಅಗಾಸಿಯವರು 1873ರ ಬೇಸಗೆಯಲ್ಲಿ ಅಲ್ಲಿ ಒಂದು ಶಾಲೆಯನ್ನು ತೆರೆದರು. ಜಾನ್ ಆಂಡರ್ಸನ್ ಎಂಬ ನ್ಯೂಯಾರ್ಕಿನ ವರ್ತಕರು ದ್ವೀಪವನ್ನೂ ಅದರೊಡನೆ 50,000 ಡಾಲರುಗಳನ್ನೂ ಆ ಕಾರ್ಯಕ್ಕಾಗಿ ದಾನವಿತ್ತಿದ್ದರು. ಅಲ್ಲಿಗೆ ಬಂದು ಸೇರಿದ ಸುಮಾರು 50 ಮಂದಿಯಲ್ಲಿ ಬಹುಮಂದಿ ವೃತ್ತಿಯಿಂದ ಉಪಾಧ್ಯಾಯರು. ಸ್ತ್ರೀಯರಿಗೆ ಉಚ್ಚಶಿಕ್ಷಣದ ಬಾಗಿಲು ಇನ್ನೂ ಪೂರ್ತಿ ತೆರೆಯದಿದ್ದ ಆ ಕಾಲದಲ್ಲಿ ಉಪಾಧ್ಯಾಯಿನಿಯರೂ ಅವರೊಳಗೆ ಇದ್ದರು. ಪುಸ್ತಕವನ್ನು ಬದಿಗಿರಿಸಿ, ಬಂಡೆಗಳ ನಡುವಣ ನೀರಿನಿಂದ ಎತ್ತಿ ತಂದ ಜೀವಿಯನ್ನೇ ಕಣ್ಣೆದುರಿಗಿಟ್ಟುಕೊಂಡು, ಅದು ತನ್ನ ಗುಟ್ಟನ್ನು ಬಿಟ್ಟುಕೊಡುವವರೆಗೂ ನೋಡುತ್ತಿರಬೇಕೆಂಬುದು ಅಗಾಸಿಯವರ ಬೋಧನಕ್ರಮವಾಗಿತ್ತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಶಾಲೆಯು ಇನ್ನೊಂದು ಬೇಸಗೆ ನಡೆದು ಮುಚ್ಚಿಹೋಯಿತು. ಅಲ್ಲಿ ಬಿತ್ತಿದ ಬೀಜ ವ್ಯರ್ಥವಾಗಲಿಲ್ಲ ನಿಜ; 1888ರಲ್ಲಿ ವುಡ್ಸ್ ಹೋಲಿನಲ್ಲಿ ಸ್ಥಾಪಿತವಾದ ಸಾಗರಜೀವಶಾಸ್ತ್ರ ಪ್ರಯೋಗಶಾಲೆಯು ಪೆನಿಕೀಸಿನ ಪ್ರೇರಣೆಯನ್ನು ಹೊತ್ತೇ ಹುಟ್ಟಿತು. ಆದರೆ ಒಬ್ಬ ಮಹಾಪುರುಷನ ಆಯುಸ್ಸಿಗೆ ಕಟ್ಟಿಹಾಕಿದ ಸಂಸ್ಥೆ ಆ ಆಯುಸ್ಸಿನೊಡನೆಯೇ ಕುಸಿಯುವುದೆಂಬ ಎಚ್ಚರಿಕೆಯೂ ಈ ಕಥೆಯಲ್ಲಿ ಅಡಗಿದೆ.

ಬಲ್ಲವನೂ ಹೇಳಬಲ್ಲವನೂ ಒಬ್ಬನೇ ಆಗಿರುವುದು ಅಪೂರ್ವವಾದ ಯೋಗ. ರೇಚಲ್ ಕಾರ್ಸನ್ ಅವರಲ್ಲಿ ಆ ಯೋಗ ಕೂಡಿಬಂದಿತ್ತು. ಪ್ರಾಣಿಶಾಸ್ತ್ರದಲ್ಲಿ ಪದವಿ ಪಡೆದು, ಅಮೆರಿಕದ ಮೀನುಗಾರಿಕೆಯ ಇಲಾಖೆಗೆ ರೇಡಿಯೋ ಭಾಷಣಗಳನ್ನು ಬರೆದುಕೊಡುವ ಕೆಲಸದಿಂದ ಆರಂಭಿಸಿದ ಆಕೆ, 1951ರಲ್ಲಿ ಸಮುದ್ರವನ್ನು ಕುರಿತು ಬರೆದ ‘ದಿ ಸೀ ಅರೌಂಡ್ ಅಸ್’ ಎಂಬ ಗ್ರಂಥವು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಅತ್ಯಧಿಕ ಮಾರಾಟದ ಪಟ್ಟಿಯಲ್ಲಿ 86 ವಾರಗಳ ಕಾಲ ನಿಂತಿತು. ಸಮುದ್ರವನ್ನು ಎಂದೂ ಕಾಣದ ಒಳನಾಡಿನ ಜನರೂ ಅದನ್ನು ಓದಿದರು. ಆದರೆ ಕಾರ್ಸನ್ನರಂತಹವರು ಹುಟ್ಟಲೆಂದು ಒಂದು ದೇಶದ ಶಿಕ್ಷಣವ್ಯವಸ್ಥೆ ಕಾದು ಕುಳಿತಿರಲಾಗದು. ಸಾಧಾರಣ ಪ್ರತಿಭೆಯ ವಿಜ್ಞಾನಿಯೂ ಸಾಧಾರಣ ಸಾಮರ್ಥ್ಯದ ಉಪಾಧ್ಯಾಯನೂ ಕೂಡಿ ಕೆಲಸ ಮಾಡಿ, ಇಬ್ಬರೂ ಒಂಟಿಯಾಗಿ ಸಾಧಿಸಲಾರದ್ದನ್ನು ಸಾಧಿಸುವ ಮಾರ್ಗವೊಂದು ಇರಬೇಕು.

ಹೇಳಿದ ಮಾತ್ರಕ್ಕೆ ತಿಳಿಯದು

ಇಂತಹ ಮಾರ್ಗದ ಅಗತ್ಯವನ್ನು ತೀವ್ರಗೊಳಿಸಿದ ಸಂಗತಿಯೊಂದು ವಿದ್ವತ್ತಿಗೆ ಸಂಬಂಧಪಟ್ಟುದಲ್ಲ, ಹಣಕ್ಕೆ ಸಂಬಂಧಪಟ್ಟುದು. ಅಮೆರಿಕದಲ್ಲಿ ಮೂಲವಿಜ್ಞಾನದ ಸಂಶೋಧನೆಗೆ ಸರ್ಕಾರದ ಪರವಾಗಿ ಧನಸಹಾಯ ನೀಡುವ ನ್ಯಾಷನಲ್ ಸೈನ್ಸ್ ಫೌಂಡೇಷನ್, 1997ರಲ್ಲಿ ತನ್ನ ನಿಯಮಗಳನ್ನು ಪರಿಷ್ಕರಿಸಿ, ಅರ್ಜಿ ಹಾಕುವ ಪ್ರತಿಯೊಬ್ಬ ವಿಜ್ಞಾನಿಗೂ ಎರಡು ಪ್ರಶ್ನೆಗಳನ್ನು ಮುಂದಿಟ್ಟಿತು: ನಿಮ್ಮ ಸಂಶೋಧನೆಯ ಬೌದ್ಧಿಕ ಮೌಲ್ಯವೇನು, ಅದರಿಂದ ಸಮಾಜಕ್ಕೆ ಒದಗುವ ವಿಶಾಲ ಪ್ರಯೋಜನವೇನು? ಮೊದಲನೆಯ ಪ್ರಶ್ನೆಗೆ ಪುಟಗಟ್ಟಲೆ ಉತ್ತರ ಬರೆಯಬಲ್ಲ ವಿದ್ವಾಂಸರು ಎರಡನೆಯದರ ಮುಂದೆ ತಡವರಿಸಿದರು. ಪ್ಲವಕಗಳ ಉಸಿರಾಟವನ್ನೋ ಆಳದ ಪ್ರವಾಹಗಳ ವೇಗವನ್ನೋ ಜೀವಮಾನವೆಲ್ಲ ಅಳೆಯುತ್ತ ಬಂದವರಿಗೆ, ಆರನೆಯ ತರಗತಿಯ ಬಾಲಕನೊಬ್ಬನಿಗೆ ಅದು ಏಕೆ ಬೇಕೆಂದು ಹೇಳುವ ಪ್ರಸಂಗವೇ ಹಿಂದೆ ಬಂದಿರಲಿಲ್ಲ. ಬಹುಮಂದಿ ಸುಲಭೋಪಾಯವನ್ನು ಹಿಡಿದರು: ಹತ್ತಿರದ ಶಾಲೆಗೆ ಹೋಗಿ, ಸಹೋದ್ಯೋಗಿಗಳ ಸಭೆಯಲ್ಲಿ ತೋರಿಸಿದ ಚಿತ್ರಗಳನ್ನೇ ತೋರಿಸಿ, ಒಂದು ಗಂಟೆ ಭಾಷಣ ಮಾಡಿ, ಮಕ್ಕಳ ಚಪ್ಪಾಳೆಯನ್ನು ಸ್ವೀಕರಿಸಿ ಹಿಂದಿರುಗಿದರು.

ಭಾಷಣದಿಂದ ತಿಳಿವಳಿಕೆ ಹುಟ್ಟುವುದೆಂಬ ನಂಬಿಕೆ ಎಷ್ಟು ದುರ್ಬಲವಾದುದೆಂಬುದನ್ನು ಅದಕ್ಕೆ ಹತ್ತು ವರ್ಷ ಮೊದಲೇ, 1987ರಲ್ಲಿ, ‘ಎ ಪ್ರೈವೇಟ್ ಯೂನಿವರ್ಸ್’ ಎಂಬ ಸಾಕ್ಷ್ಯಚಿತ್ರವು ತೋರಿಸಿಕೊಟ್ಟಿತ್ತು. ಹಾರ್ವರ್ಡಿನ ಘಟಿಕೋತ್ಸವದ ದಿನ, ಆಗತಾನೆ ಪದವೀಧರರಾದವರನ್ನೂ ಕೆಲವು ಅಧ್ಯಾಪಕರನ್ನೂ ನಿಲ್ಲಿಸಿ, ಬೇಸಗೆ ಚಳಿಗಾಲಗಳು ಏಕೆ ಉಂಟಾಗುತ್ತವೆಂದು ಅದರಲ್ಲಿ ಕೇಳಲಾಗಿದೆ. ಭೂಮಿಯ ಅಕ್ಷವು ಓರೆಯಾಗಿರುವುದೇ ಕಾರಣವೆಂದು ಚಿಕ್ಕ ತರಗತಿಗಳಲ್ಲಿಯೇ ಓದಿದ್ದವರು, ಬೇಸಗೆಯಲ್ಲಿ ಭೂಮಿ ಸೂರ್ಯನ ಸಮೀಪಕ್ಕೆ ಹೋಗುತ್ತದೆಂದು ನಿಸ್ಸಂಕೋಚವಾಗಿ ಉತ್ತರವಿತ್ತರು. 23 ಮಂದಿಯಲ್ಲಿ 21 ಮಂದಿಯ ಉತ್ತರ ತಪ್ಪಾಗಿತ್ತು. ಕೇಳುವವನ ಮನಸ್ಸು ಬರಿದಾದ ಪಾತ್ರೆಯಲ್ಲ. ಅದರಲ್ಲಿ ಮೊದಲೇ ನೆಲೆಯೂರಿದ ಕಲ್ಪನೆಗಳಿರುತ್ತವೆ, ಹೊಸ ಮಾತು ಅವುಗಳೊಡನೆ ಹೊಂದಿಕೊಂಡರೆ ಉಳಿಯುತ್ತದೆ, ಇಲ್ಲದಿದ್ದರೆ ಪರೀಕ್ಷೆಯ ಮರುದಿನವೇ ಹೊರಟುಹೋಗುತ್ತದೆ. ಆ ಕಲ್ಪನೆಗಳೇನೆಂಬುದು ವಿಜ್ಞಾನಿಗೆ ತಿಳಿದಿರುವುದಿಲ್ಲ. ನಿತ್ಯವೂ ಮಕ್ಕಳ ನಡುವೆ ಇರತಕ್ಕ ಉಪಾಧ್ಯಾಯನಿಗೆ ಅವು ತಿಳಿದಿರುತ್ತವೆ. ಉಪಾಧ್ಯಾಯನು ವಿಜ್ಞಾನಿಯ ಮಾತನ್ನು ಮನೆಮನೆಗೆ ಮುಟ್ಟಿಸುವ ಅಂಚೆಯವನಲ್ಲ. ವಿಜ್ಞಾನಿಗೆ ಇಲ್ಲದ ಒಂದು ಜ್ಞಾನದ ಒಡೆಯನು. ಸಹಕಾರದ ಮಾತು ಇಲ್ಲಿಂದ ಮೊದಲಾಗತಕ್ಕದ್ದು.

ಈ ತತ್ತ್ವದ ಮೇಲೆ ಸಂಸ್ಥೆಯೊಂದನ್ನು ಕಟ್ಟುವ ಪ್ರಯತ್ನವು 2002ರಲ್ಲಿ ಕಾರ್ಯರೂಪಕ್ಕೆ ಬಂದಿತು. ಫೌಂಡೇಷನ್ನಿನ ಪೋಷಣೆಯಲ್ಲಿ ದೇಶದ ನಾನಾ ಕರಾವಳಿಗಳಲ್ಲಿ ‘ಸಾಗರವಿಜ್ಞಾನ ಶಿಕ್ಷಣೋತ್ಕರ್ಷ ಕೇಂದ್ರಗಳು’ ಎಂಬ ಅರ್ಥದ ಹೆಸರನ್ನು ಹೊತ್ತು, ಅದರ ಮೊದಲಕ್ಷರಗಳಿಂದ ‘ಕೋಸೀ’ ಎಂದು ಕರೆಯಿಸಿಕೊಂಡ ಕೇಂದ್ರಗಳು ಹುಟ್ಟಿಕೊಂಡವು. ಸಂಶೋಧನಾಲಯ, ವಿಶ್ವವಿದ್ಯಾನಿಲಯ, ಮತ್ಸ್ಯಾಲಯ, ವಸ್ತುಸಂಗ್ರಹಾಲಯ, ಶಾಲೆ ಇವುಗಳನ್ನು ಒಂದುಗೂಡಿಸುವುದು ಅವುಗಳ ಕೆಲಸ. ಕ್ಯಾಲಿಫೋರ್ನಿಯದ ಕೇಂದ್ರವು, ಬರ್ಕ್ಲಿಯ ಲಾರೆನ್ಸ್ ಹಾಲ್ ಆಫ್ ಸೈನ್ಸ್ ಎಂಬ ಸಾರ್ವಜನಿಕ ವಿಜ್ಞಾನಾಲಯದ ನೇತೃತ್ವದಲ್ಲಿ, ಸಾಗರವಿಜ್ಞಾನದ ವಿದ್ಯಾರ್ಥಿಗಳಿಗಾಗಿಯೇ ಒಂದು ಪಾಠಕ್ರಮವನ್ನು ರೂಪಿಸಿತು. ಅದನ್ನು ಬೋಧಿಸುವವರು ಇಬ್ಬರು, ಒಬ್ಬ ವಿಜ್ಞಾನಿ ಮತ್ತು ಒಬ್ಬ ಶಿಕ್ಷಣವೇತ್ತ. ವಿದ್ಯಾರ್ಥಿಗಳು ಮೊದಲು ಮನುಷ್ಯರು ಹೇಗೆ ಕಲಿಯುತ್ತಾರೆಂಬುದನ್ನು ಓದಿ, ಬಳಿಕ ನಿಜವಾದ ತರಗತಿಗಳಿಗೆ ಹೋಗಿ ಮಕ್ಕಳಿಗೆ ಪಾಠ ಮಾಡಬೇಕು. ಐವತ್ತರ ವಯಸ್ಸಿನ ಪ್ರಾಧ್ಯಾಪಕನ ಅಭ್ಯಾಸವನ್ನು ತಿದ್ದುವುದಕ್ಕಿಂತ ಇಪ್ಪತ್ತರ ವಿದ್ಯಾರ್ಥಿಗೆ ಒಳ್ಳೆಯ ಅಭ್ಯಾಸವನ್ನು ಹಚ್ಚುವುದು ಸುಲಭವೆಂಬುದು ಇದರ ಹಿಂದಿನ ವಿವೇಕ.

ಮೇನ್ ತೀರದ ನಕ್ಷೆಗಳು

ಈ ಕೇಂದ್ರಗಳೊಳಗೆ ನನ್ನ ಮನಸ್ಸನ್ನು ಹೆಚ್ಚಾಗಿ ಸೆಳೆದುದು ಮೇನ್ ಸಂಸ್ಥಾನದ್ದು. ದಮರಿಸ್ಕಾಟ ಎಂಬ ಅಳಿವೆಯ ದಂಡೆಯಲ್ಲಿ, ವಾಲ್‌ಪೋಲ್ ಎಂಬ ಹಳ್ಳಿಯಲ್ಲಿ, ಮೇನ್ ವಿಶ್ವವಿದ್ಯಾನಿಲಯದ ಡಾರ್ಲಿಂಗ್ ಸಾಗರಕೇಂದ್ರವಿದೆ. ರೇಚಲ್ ಕಾರ್ಸನ್ ಬೇಸಗೆಗಳನ್ನು ಕಳೆಯುತ್ತಿದ್ದ ಸೌತ್‌ಪೋರ್ಟ್ ದ್ವೀಪವು ಅಲ್ಲಿಗೆ ಬಹು ದೂರವೇನಲ್ಲ. ಅನೆಟ್ ಡಿಕ್ಯಾರನ್ ಎಂಬುವರ ಮುಂದಾಳುತನದಲ್ಲಿ ಇಲ್ಲಿನವರು ವಿಜ್ಞಾನಿಗಳನ್ನೂ ಶಿಕ್ಷಕರನ್ನೂ ಒಂದುಗೂಡಿಸಲು ಕೈಗೊಂಡ ಸಾಧನವು ನೋಡಲು ತೀರ ಸರಳವಾದುದು. ಅದರ ಹೆಸರು ಪರಿಕಲ್ಪನಾ ನಕ್ಷೆ.

ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ಜೋಸೆಫ್ ನೋವಾಕ್ ಎಂಬ ಶಿಕ್ಷಣತಜ್ಞರು, ಮಕ್ಕಳ ವಿಜ್ಞಾನಜ್ಞಾನವು ವರ್ಷದಿಂದ ವರ್ಷಕ್ಕೆ ಹೇಗೆ ಬೆಳೆಯುತ್ತದೆಂಬುದನ್ನು ಪರಿಶೀಲಿಸುತ್ತಿದ್ದಾಗ, 1972ರಲ್ಲಿ ಈ ನಕ್ಷೆಯ ಕ್ರಮವನ್ನು ಕಂಡುಕೊಂಡರು. ಮುಖ್ಯವಾದ ಒಂದೊಂದು ಪರಿಕಲ್ಪನೆಯನ್ನೂ ಒಂದೊಂದು ಚೌಕದಲ್ಲಿ ಬರೆಯುವುದು; ಚೌಕದಿಂದ ಚೌಕಕ್ಕೆ ಗೆರೆಯನ್ನೆಳೆಯುವುದು; ಮುಖ್ಯವಾಗಿ, ಆ ಗೆರೆಯ ಮೇಲೆ ಅವೆರಡರ ಸಂಬಂಧವನ್ನು ತಿಳಿಸುವ ಕ್ರಿಯಾಪದವೊಂದನ್ನು ಬರೆಯುವುದು. ಗೆರೆಯ ಮೇಲಣ ಆ ಕ್ರಿಯಾಪದದಲ್ಲಿಯೇ ಎಲ್ಲ ಪರೀಕ್ಷೆಯೂ ಇರುವುದು. ಭಾಷಣದಲ್ಲಿ ‘ಸಂಬಂಧವಿದೆ’ ಎಂದು ಹೇಳಿ ಜಾರಿಕೊಳ್ಳಬಹುದು. ನಕ್ಷೆಯಲ್ಲಿ ಆ ಸಂಬಂಧವು ‘ಹೆಚ್ಚಿಸುತ್ತದೆ’ಯೋ ‘ತಡೆಯುತ್ತದೆ’ಯೋ ‘ಹೊತ್ತು ತರುತ್ತದೆ’ಯೋ ಎಂಬುದನ್ನು ಹೇಳಲೇಬೇಕು. ಹೇಳಲಾರದಿದ್ದರೆ ಗೆರೆಯೇ ಬರಿದಾಗಿ ಉಳಿದು ಎಲ್ಲರ ಕಣ್ಣಿಗೂ ಬೀಳುತ್ತದೆ.

ಮೇನ್‌ನ ಕಾರ್ಯಾಗಾರಗಳಲ್ಲಿ ವಿಜ್ಞಾನಿಯು ತನ್ನ ಸಂಶೋಧನೆಯ ವಿಷಯವನ್ನು ಕುರಿತು ಮೊದಲು ತಾನೇ ಇಂತಹ ನಕ್ಷೆಯೊಂದನ್ನು ಬರೆದು ತರುತ್ತಾನೆ. ಅದನ್ನು ಸಹವಿಜ್ಞಾನಿಗಳು ನೋಡಿದಾಗ ತಪ್ಪೇನೂ ಕಾಣುವುದಿಲ್ಲ. ಏಕೆಂದರೆ ಬಿಟ್ಟುಹೋದುದೆಲ್ಲ ಅವರ ತಲೆಯಲ್ಲಿಯೂ ಇರುತ್ತದೆ. ಅನಂತರ ಅದು ಶಿಕ್ಷಕರ ಕೈಗೆ ಹೋಗುತ್ತದೆ. ಒಬ್ಬ ವಿಜ್ಞಾನಿಯೊಡನೆ ಹಲವರು ಶಿಕ್ಷಕರು ಕುಳಿತು, ಚೌಕಗಳನ್ನು ಆಚೀಚೆ ಸರಿಸುತ್ತ, ಕೆಲವನ್ನು ತೆಗೆದುಹಾಕುತ್ತ, ಕೆಲವನ್ನು ಹೊಸದಾಗಿ ಸೇರಿಸುತ್ತ, ಎರಡು ಕಡೆಯವರೂ ಒಪ್ಪುವ ಇನ್ನೊಂದು ನಕ್ಷೆಯನ್ನು ರಚಿಸುತ್ತಾರೆ. ಈ ಎರಡನೆಯ ನಕ್ಷೆಯು ಸಾಮಾನ್ಯವಾಗಿ ಮೊದಲನೆಯದಕ್ಕಿಂತ ಸರಳವಾಗಿರುತ್ತದೆ. ಆದರೆ ಸರಳತೆಯೆಂದರೆ ಇಲ್ಲಿ ವಿಷಯವನ್ನು ತೆಳುಮಾಡುವುದಲ್ಲ, ಅದರ ಎಲುಬುಗೂಡು ಎಲ್ಲರಿಗೂ ಕಾಣುವಂತೆ ಮಾಡುವುದು.

ಉಪ್ಪಿನ ಪಾಠ

ಇದು ಹೇಗೆ ನಡೆಯುವುದೆಂಬುದನ್ನು ನಮಗೆ ಪರಿಚಿತವಾದ ನೀರಿನಲ್ಲಿಯೇ ಕಲ್ಪಿಸಿ ನೋಡೋಣ. ಇದಕ್ಕೆ ಕಾರಣವಿಲ್ಲದಿಲ್ಲ. ಸಮುದ್ರದ ಮೇಲ್ಪದರದ ಲವಣಾಂಶವನ್ನು ಅಂತರಿಕ್ಷದಿಂದಲೇ ಅಳೆಯುವ ‘ಅಕ್ವೇರಿಯಸ್’ ಎಂಬ ಉಪಕರಣವನ್ನು ಅಮೆರಿಕದ ನಾಸಾ ಸಂಸ್ಥೆಯು ಆರ್ಜೆಂಟೀನದ ಉಪಗ್ರಹವೊಂದರಲ್ಲಿಟ್ಟು 2011ರ ಜೂನ್ 10ರಂದು ಹಾರಿಬಿಟ್ಟಿತು. 2015ರ ಜೂನ್‌ವರೆಗೆ ಅದು ಕೆಲಸ ಮಾಡಿತು. ಅದರ ಸಾರ್ವಜನಿಕ ಶಿಕ್ಷಣದ ಹೊಣೆಯನ್ನು ಹೊತ್ತವರು ಮೇನ್‌ನ ಡಿಕ್ಯಾರನ್ ಅವರೇ. ಜಗತ್ತಿನ ಸಮುದ್ರಗಳ ಲವಣಪಟಗಳಲ್ಲಿ ಭಾರತದ ಎರಡು ಮಗ್ಗುಲು ಒಡನೆಯೇ ಕಣ್ಣಿಗೆ ಹೊಡೆಯುತ್ತವೆ. ಪ್ರಪಂಚದ ಸಮುದ್ರಗಳಲ್ಲಿ ಸರಾಸರಿ ಒಂದು ಕಿಲೋಗ್ರಾಂ ನೀರಿಗೆ 35 ಗ್ರಾಂ ಲವಣವಿದ್ದರೆ, ನಮ್ಮ ಪಶ್ಚಿಮಕ್ಕಿರುವ ಅರಬ್ಬಿ ಸಮುದ್ರದ ಬಹುಭಾಗದಲ್ಲಿ ಅದು 36ನ್ನು ಮೀರಿರುತ್ತದೆ. ಪೂರ್ವದ ಬಂಗಾಳ ಕೊಲ್ಲಿಯ ಉತ್ತರಭಾಗದಲ್ಲಿ ಮಳೆಗಾಲದ ತರುವಾಯ 32ಕ್ಕಿಂತಲೂ ಕೆಳಗಿಳಿಯುತ್ತದೆ. ಒಂದೇ ಅಕ್ಷಾಂಶ, ಒಂದೇ ಸೂರ್ಯ, ಎರಡು ಬಗೆಯ ಕಡಲು.

ವಿಜ್ಞಾನಿಯು ಬರೆದು ತರುವ ನಕ್ಷೆ ಹೀಗಿರಬಹುದು: ‘ನದಿಗಳ ನೀರು’ ಎಂಬ ಚೌಕದಿಂದ ಒಂದು ಗೆರೆ ‘ಕಡಿಮೆ ಲವಣತೆ’ಗೆ, ಅಲ್ಲಿಂದ ಒಂದು ಗೆರೆ ‘ಪದರಗಳ ಸ್ಥಿರತೆ’ಗೆ, ಅಲ್ಲಿಂದ ಇನ್ನೊಂದು ‘ಚಂಡಮಾರುತ’ಕ್ಕೆ. ಅವನ ಮಟ್ಟಿಗೆ ಇದು ಸಂಪೂರ್ಣವಾದ ತರ್ಕ. ಎಂಟನೆಯ ತರಗತಿಗೆ ಪಾಠ ಹೇಳುವ ಉಪಾಧ್ಯಾಯಿನಿಯೊಬ್ಬರು ಮೊದಲ ಗೆರೆಯಲ್ಲಿಯೇ ಬೆರಳಿಟ್ಟು ನಿಲ್ಲಿಸುತ್ತಾರೆ: “ಸಾರ್, ಸಮುದ್ರಕ್ಕೆ ಉಪ್ಪನ್ನು ತಂದು ಹಾಕಿದ್ದೇ ನದಿಗಳು ಅಂತ ಮಕ್ಕಳು ಹಿಂದಿನ ಪಾಠದಲ್ಲಿ ಓದಿರ್ತಾರೆ. ಈಗ ಅದೇ ನದಿ ಉಪ್ಪನ್ನು ಕಡಿಮೆ ಮಾಡುತ್ತೆ ಅಂದರೆ ಅವರು ಯಾವುದನ್ನು ನಂಬಬೇಕು?” ವಿಜ್ಞಾನಿಗೆ ಈ ತೊಡಕು ಹೊಳೆದೇ ಇರಲಿಲ್ಲ. ಎರಡೂ ನಿಜವೇ, ಬಂಡೆಗಳಿಂದ ಕರಗಿಬಂದ ಲವಣಗಳು ಕೋಟ್ಯಂತರ ವರ್ಷಗಳಲ್ಲಿ ಸಂಚಯವಾಗಿ ಕಡಲು ಉಪ್ಪಾಯಿತು, ಆದರೆ ಇಂದು ಹರಿದು ಬರುವ ನದಿಯ ನೀರು ಕಡಲಿನ ನೀರಿಗಿಂತ ಎಷ್ಟೋ ಸಿಹಿಯಾದುದರಿಂದ ಸೇರಿದೆಡೆಯಲ್ಲಿ ಅದನ್ನು ಸಪ್ಪೆ ಮಾಡುತ್ತದೆ. ಯುಗಗಳ ಲೆಕ್ಕವೊಂದು, ಋತುವಿನ ಲೆಕ್ಕವೊಂದು. ನಕ್ಷೆಯಲ್ಲಿ ‘ಕಾಲ’ ಎಂಬ ಹೊಸ ಚೌಕವೊಂದು ಹುಟ್ಟುತ್ತದೆ.

ಕೊನೆಯ ಗೆರೆಯ ಪಾಡೂ ಇಷ್ಟೇ. ನೀರಿನ ಪದರಗಳು ಸ್ಥಿರವಾಗಿದ್ದರೆ ಆಕಾಶದಲ್ಲಿ ಬಿರುಗಾಳಿ ಏಳುವುದೇಕೆ? ಸಿಹಿನೀರು ಹಗುರವಾದುದರಿಂದ ಮೇಲೆ ನಿಲ್ಲುತ್ತದೆ. ಹಗುರವಾದ ಆ ಪದರವನ್ನು ಸೀಳಿ ಕೆಳಗಣ ತಣ್ಣೀರನ್ನು ಮೇಲಕ್ಕೆ ಕಲಕುವುದು ಗಾಳಿಗೆ ಕಷ್ಟವಾಗುತ್ತದೆ. ಕಲಕದ ನೀರು ಬಿಸಿಯಾಗಿಯೇ ಉಳಿಯುತ್ತದೆ. ಬಿಸಿಯಾದ ನೀರಿನಿಂದ ಏಳುವ ಆವಿಯೂ ಶಾಖವೂ ಚಂಡಮಾರುತಕ್ಕೆ ಬಲವನ್ನು ಕೊಡುತ್ತವೆ. ವಿಜ್ಞಾನಿಯು ಒಂದೇ ನೆಗೆತದಲ್ಲಿ ದಾಟಿದ ಕಡೆ ಮೂರು ಮೆಟ್ಟಿಲುಗಳು ಬೇಕಾಗಿದ್ದವು. ಅವು ಅವನಿಗೆ ತಿಳಿಯದವಲ್ಲ. ಬಹುಕಾಲದಿಂದ ತಿಳಿದಿದ್ದುದರಿಂದಲೇ ಕಾಣದೆ ಹೋದವು. ಆ ಮೆಟ್ಟಿಲುಗಳು ನಿಂತ ಮೇಲೆ, ಸಹ್ಯಾದ್ರಿಯ ತುದಿಯಲ್ಲಿ ಹುಟ್ಟಿ ಪೂರ್ವಕ್ಕೆ ಹರಿಯುವ ಕೃಷ್ಣೆ ಕಾವೇರಿಯರ ನೀರು ಗಂಗೆ, ಬ್ರಹ್ಮಪುತ್ರ, ಇರಾವತಿಗಳ ಮಹಾಪೂರದೊಡನೆ ಕೂಡಿ ಕೊಲ್ಲಿಯ ಮೇಲ್ಪದರವನ್ನು ಸಪ್ಪೆ ಮಾಡುವುದೂ, ಆ ಪದರವು ಬಿರುಗಾಳಿಯ ಬಲಕ್ಕೆ ಕಾರಣವಾಗುವುದೂ ಕರ್ಣಾಟಕದ ಬಯಲುಸೀಮೆಯ ಹುಡುಗನಿಗೂ ತನ್ನದೇ ಊರಿನ ಸಮಾಚಾರವಾಗಿ ತೋರುತ್ತದೆ.

ಹೀಗೆ ನಕ್ಷೆಯನ್ನು ತಿದ್ದಿಸಿಕೊಂಡ ವಿಜ್ಞಾನಿಗಳು ತಮ್ಮ ವಿಷಯವೇ ತಮಗೆ ಇನ್ನಷ್ಟು ಸ್ಪಷ್ಟವಾಯಿತೆಂದು ಭಾವಿಸಿದರೆ ಅದರಲ್ಲಿ ಆಶ್ಚರ್ಯವಿಲ್ಲ. ಅವರು ಕೊಡಲು ಬಂದು ಪಡೆದುಕೊಂಡು ಹೋದರು. ಸಾರ್ವಜನಿಕ ಶಿಕ್ಷಣವೆಂದರೆ ವಿದ್ವಾಂಸನು ಎತ್ತರದಿಂದ ಇಳಿದು ಬಂದು ಮಾಡುವ ಉಪಕಾರವೆಂಬ ಭಾವನೆಗೆ ಇದಕ್ಕಿಂತ ಒಳ್ಳೆಯ ಚಿಕಿತ್ಸೆಯಿಲ್ಲ.

ತೊಟ್ಟಿಯಲ್ಲಿ ಕಡಲು

ನಕ್ಷೆಯಿಂದ ಪಾಠಕ್ಕೆ ಇನ್ನೂ ಒಂದು ಹೆಜ್ಜೆಯಿದೆ. ಅದೇ ಮೇನ್ ವಿಶ್ವವಿದ್ಯಾನಿಲಯದ ಸಾಗರವಿಜ್ಞಾನಿಗಳಾದ ಲೀ ಕಾರ್ಪ್-ಬಾಸ್ ಮತ್ತು ಎಮ್ಯಾನ್ಯುಯಲ್ ಬಾಸ್ ಅವರು ಶಿಕ್ಷಣಶಾಸ್ತ್ರದವರೊಡನೆ ಸೇರಿ 2009ರಲ್ಲಿ ಪ್ರಕಟಿಸಿದ ಪುಸ್ತಿಕೆಯೊಂದರಲ್ಲಿ ಸಾಂದ್ರತೆ, ಒತ್ತಡ, ತೇಲುವಿಕೆ, ಶಾಖ, ಅಲೆಗಳು ಎಂಬ ಐದು ವಿಷಯಗಳನ್ನು ಕೈಯಿಂದ ಮಾಡಿ ಕಲಿಯುವ ಬಗೆಯನ್ನು ವಿವರಿಸಿದ್ದಾರೆ. ಅವುಗಳಲ್ಲಿ ಒಂದನ್ನು ಹೇಳುತ್ತೇನೆ. ಪಾರದರ್ಶಕವಾದ ಉದ್ದನೆಯ ತೊಟ್ಟಿಯೊಂದರ ನಡುವೆ ತಡೆಹಲಗೆಯನ್ನಿಟ್ಟು, ಒಂದು ಬದಿಗೆ ಸಿಹಿನೀರನ್ನೂ ಇನ್ನೊಂದು ಬದಿಗೆ ಬಣ್ಣ ಬೆರೆಸಿದ ಉಪ್ಪುನೀರನ್ನೂ ಸಮನಾಗಿ ತುಂಬುತ್ತಾರೆ. ಹಲಗೆಯನ್ನು ತೆಗೆದರೆ ಏನಾದೀತೆಂದು ಮೊದಲು ಎಲ್ಲರೂ ಊಹಿಸಿ ಹೇಳಬೇಕು. ಎರಡೂ ಬೆರೆತು ನಸುಬಣ್ಣವಾದೀತೆಂದು ಹೇಳುವವರೇ ಬಹುಮಂದಿ. ಹಲಗೆಯನ್ನು ಮೇಲಕ್ಕೆ ಎತ್ತಿದೊಡನೆ ಬಣ್ಣದ ನೀರು ನಾಲಗೆಯಂತೆ ತಳದಲ್ಲಿ ನುಗ್ಗುತ್ತದೆ. ಸಿಹಿನೀರು ಅದರ ಮೇಲೆ ಎದುರು ದಿಕ್ಕಿಗೆ ಜಾರುತ್ತದೆ. ತುದಿಯ ಗೋಡೆಗೆ ಬಡಿದು ಹಿಂದಿರುಗುವ ನೀರು ಎರಡು ಪದರಗಳ ಎಲ್ಲೆಯಲ್ಲಿ ನಿಧಾನವಾದ ಅಲೆಯೊಂದನ್ನು ಎಬ್ಬಿಸುತ್ತದೆ. ಎಲ್ಲವೂ ಶಾಂತವಾದ ಮೇಲೆ ಎರಡು ಪದರಗಳು ಒಂದರ ಮೇಲೊಂದು ನಿಂತಿರುತ್ತವೆ. ಮೊದಲು ಊಹೆ, ಬಳಿಕ ದರ್ಶನ, ಆಮೇಲೆ ವಿವರಣೆ. ಈ ಕ್ರಮವನ್ನು ಹೇಳಿಕೊಟ್ಟುದು ಶಿಕ್ಷಣಶಾಸ್ತ್ರ. ತೊಟ್ಟಿಯಲ್ಲಿ ಕಂಡುದೇ ಮಹಾಸಾಗರಗಳಲ್ಲಿಯೂ ನಡೆಯುವುದೆಂದು ಹೇಳಬಲ್ಲುದು ಸಾಗರಶಾಸ್ತ್ರ. ಒಂದನ್ನು ಬಿಟ್ಟರೆ ಇನ್ನೊಂದು ಬರಿಯ ಆಟವಾಗುತ್ತದೆ, ಇಲ್ಲವೆ ಬರಿಯ ಸೂತ್ರವಾಗುತ್ತದೆ.

ಪ್ರಯೋಗಶಾಲೆಯನ್ನು ದಾಟಿ ನಿಜವಾದ ಸಂಶೋಧನೆಯಲ್ಲಿಯೇ ಶಾಲೆಗೆ ಪಾಲುಕೊಟ್ಟ ಉದಾಹರಣೆಯೂ ಉಂಟು. ಪ್ರಪಂಚದ ಸಾಗರಗಳಲ್ಲಿ ‘ಆರ್ಗೋ’ ಎಂಬ ಅಂತರರಾಷ್ಟ್ರೀಯ ಯೋಜನೆಯ ಸುಮಾರು 4,000 ತೇಲುಯಂತ್ರಗಳು ಅಲೆಯುತ್ತಿವೆ. ಆಳೆತ್ತರದ ಕೊಳವೆಯಂತಿರುವ ಒಂದೊಂದು ಯಂತ್ರವೂ 1,000 ಮೀಟರ್ ಆಳದಲ್ಲಿ ತೇಲಿ, ಅಲ್ಲಿಂದ 2,000 ಮೀಟರಿಗೆ ಇಳಿದು, ಸುಮಾರು 10 ದಿನಗಳಿಗೊಮ್ಮೆ ನೀರಿನ ಶಾಖವನ್ನೂ ಲವಣತೆಯನ್ನೂ ಅಳೆಯುತ್ತ ಮೇಲೆದ್ದು ಬಂದು, ಉಪಗ್ರಹದ ಮೂಲಕ ವರದಿಯನ್ನು ಕಳುಹಿಸಿ ಮತ್ತೆ ಮುಳುಗುತ್ತದೆ. ದಕ್ಷಿಣ ಧ್ರುವವನ್ನು ಸುತ್ತುವರಿದ ಸಾಗರದಲ್ಲಿ ಆಮ್ಲಜನಕ, ನೈಟ್ರೇಟ್, ಆಮ್ಲತೆಗಳನ್ನೂ ಅಳೆಯಬಲ್ಲ ಯಂತ್ರಗಳನ್ನು ಇಳಿಸುತ್ತಿರುವ ‘ಸಾಕಮ್’ ಎಂಬ ಯೋಜನೆಯು, ಒಂದೊಂದು ಯಂತ್ರವನ್ನು ಒಂದೊಂದು ತರಗತಿಗೆ ದತ್ತು ಕೊಡುತ್ತದೆ. ಮಕ್ಕಳು ಅದಕ್ಕೆ ಹೆಸರಿಡುತ್ತಾರೆ. ಹಡಗಿನಲ್ಲಿರುವ ವಿಜ್ಞಾನಿಗಳು ಆ ಹೆಸರನ್ನು ಅದರ ಮೈಮೇಲೆ ಬಣ್ಣದಲ್ಲಿ ಬರೆದು ನೀರಿಗೆ ಇಳಿಸುತ್ತಾರೆ. ಆಮೇಲೆ ಅದು ಕಳುಹಿಸುವ ಅಂಕಿಗಳನ್ನು ತರಗತಿಯವರೂ ಕುಳಿತಲ್ಲಿಯೇ ನೋಡಬಹುದು. ಹೆಸರಿಡುವುದು ಚಿಕ್ಕ ಕೆಲಸವೆಂದು ತೋರಬಹುದು. ಆದರೆ ತಾವು ಹೆಸರಿಟ್ಟುದು ಮಂಜುಗಡ್ಡೆಯ ಕೆಳಗೆ ಹೋಗಿ ತಿಂಗಳುಗಟ್ಟಲೆ ಸುದ್ದಿಯಿಲ್ಲದೆ ಇದ್ದಾಗ ಮಕ್ಕಳು ಕೇಳುವ ಪ್ರಶ್ನೆಗಳಿಗೂ, ಪಾಠಪುಸ್ತಕದ ಕೊನೆಯಲ್ಲಿ ಅಚ್ಚಾಗಿರುವ ಪ್ರಶ್ನೆಗಳಿಗೂ ಅಜಗಜಾಂತರ.

ಏಳು ಸೂತ್ರಗಳು

ಬಿಡಿಬಿಡಿಯಾದ ಈ ಪ್ರಯತ್ನಗಳಿಗೆ ಒಂದು ಚೌಕಟ್ಟು ಬೇಕಾಗಿತ್ತು. 2004ರ ಅಕ್ಟೋಬರಿನಲ್ಲಿ ಸುಮಾರು ನೂರು ಮಂದಿ ವಿಜ್ಞಾನಿಗಳೂ ಶಿಕ್ಷಕರೂ ಎರಡು ವಾರಗಳ ಕಾಲ ಅಂತರ್ಜಾಲದ ಮೂಲಕ ಚರ್ಚೆ ನಡೆಸಿ, ಪ್ರತಿಯೊಬ್ಬ ಪ್ರಜೆಯೂ ಸಮುದ್ರವನ್ನು ಕುರಿತು ಅವಶ್ಯವಾಗಿ ಏನನ್ನು ತಿಳಿದಿರಬೇಕೆಂಬುದನ್ನು ನಿಷ್ಕರ್ಷಿಸತೊಡಗಿದರು. ಮರುವರ್ಷ ಪ್ರಕಟವಾದ ‘ಸಾಗರ ಸಾಕ್ಷರತೆ’ಯ ಕೈಪಿಡಿಯಲ್ಲಿ ಏಳು ಸೂತ್ರಗಳಿವೆ: ಭೂಮಿಗೆ ಇರುವುದು ನಾನಾ ಲಕ್ಷಣಗಳ ಒಂದೇ ಮಹಾಸಾಗರ, ಸಾಗರವೂ ಅದರ ಜೀವರಾಶಿಯೂ ಭೂಮಿಯ ರೂಪವನ್ನು ತಿದ್ದುತ್ತವೆ, ಹವೆ ಮತ್ತು ವಾಯುಗುಣಗಳ ಮೇಲೆ ಅದರ ಪ್ರಭಾವ ಅಪಾರ, ಭೂಮಿ ವಾಸಯೋಗ್ಯವಾದುದು ಅದರಿಂದ, ಅದು ಜೀವವೈವಿಧ್ಯಕ್ಕೆ ಆಧಾರ, ಮನುಷ್ಯರಿಗೂ ಅದಕ್ಕೂ ಬಿಡಿಸಲಾಗದ ನಂಟು, ಅದರ ಬಹುಭಾಗ ಇನ್ನೂ ಅಜ್ಞಾತ. ಇಷ್ಟನ್ನು ಒಬ್ಬ ಪ್ರಾಧ್ಯಾಪಕ ಒಂದು ಸಂಜೆಯಲ್ಲಿ ಬರೆದುಬಿಡಬಹುದಾಗಿತ್ತಲ್ಲ ಎಂದು ಕೇಳುವವರಿರಬಹುದು. ಬರೆಯಬಹುದಾಗಿತ್ತು, ಆದರೆ ಅದನ್ನು ಶಾಲೆಗಳು ಒಪ್ಪುತ್ತಿರಲಿಲ್ಲ. ಯಾವ ವಯಸ್ಸಿನಲ್ಲಿ ಯಾವುದನ್ನು ಹೇಳಬೇಕು, ಯಾವುದರ ಮೊದಲು ಯಾವುದು ಬರಬೇಕು ಎಂಬುದನ್ನು ತರಗತಿಯವರೇ ನಿಂತು ತೂಗಿದುದರಿಂದ ಅದು ತರಗತಿಯಲ್ಲಿ ನಡೆಯುವ ನಾಣ್ಯವಾಯಿತು. ಯುನೆಸ್ಕೋ ಸಂಸ್ಥೆಯು 2017ರಲ್ಲಿ ಇದೇ ವಿಷಯದ ಕೈಪಿಡಿಯೊಂದನ್ನು ಹೊರತಂದಿತು. 2021ರಿಂದ 2030ರವರೆಗಿನ ಅವಧಿಯನ್ನು ವಿಶ್ವಸಂಸ್ಥೆಯು ಸಾಗರವಿಜ್ಞಾನದ ದಶಕವೆಂದು ಸಾರಿದೆ.

ಇಷ್ಟಾದರೂ ಕಥೆಯ ಅಂತ್ಯಭಾಗ ಸಂತೋಷಕರವಾದುದಲ್ಲ. 2004ರಲ್ಲಿ ಅಮೆರಿಕದ ಸಾಗರನೀತಿ ಆಯೋಗವು ಕೋಸೀ ಕೇಂದ್ರಗಳನ್ನು ಇನ್ನೂ ವಿಸ್ತರಿಸಬೇಕೆಂದು ಶಿಫಾರಸು ಮಾಡಿದ್ದರೂ, ಸುಮಾರು ಒಂದು ದಶಕದ ತರುವಾಯ ಫೌಂಡೇಷನ್ನಿನ ಪೋಷಣೆ ಕೊನೆಗೊಂಡಿತು. ಕೇಂದ್ರಗಳು ತಮ್ಮಷ್ಟಕ್ಕೆ ತಾವು ಬದುಕುವ ದಾರಿಯನ್ನು ಹುಡುಕಿಕೊಳ್ಳಬೇಕಾಯಿತು. ಸಹಕಾರವು ಒಮ್ಮೆ ಆರಂಭವಾದರೆ ತಾನಾಗಿಯೇ ನಡೆಯುವುದೆಂಬುದು ಹಣ ಕೊಡುವವರ ಭ್ರಮೆ. ವಿಜ್ಞಾನಿಯ ಬಡ್ತಿಯು ಅವನ ಪ್ರಬಂಧಗಳನ್ನು ಎಣಿಸಿ ನಿರ್ಧಾರವಾಗುವವರೆಗೂ ಉಪಾಧ್ಯಾಯನೊಡನೆ ಕಳೆದ ಎರಡು ದಿನಗಳು ಅವನ ಲೆಕ್ಕದಲ್ಲಿ ನಷ್ಟವೇ. ಉಪಾಧ್ಯಾಯನ ಯೋಗ್ಯತೆಯು ಪರೀಕ್ಷೆಯ ಫಲಿತಾಂಶದಿಂದ ಅಳೆಯಲ್ಪಡುವವರೆಗೂ ವಿಜ್ಞಾನಿಯೊಡನೆ ಕಳೆದ ಎರಡು ದಿನಗಳು ಅವನ ಲೆಕ್ಕದಲ್ಲಿಯೂ ನಷ್ಟವೇ. ಈ ಇಬ್ಬರನ್ನೂ ಕರೆದು ಕೂಡಿಸಿ, ಊಟ ವಸತಿಗಳನ್ನು ನೋಡಿಕೊಂಡು, ಮಾತು ಹಳಿ ತಪ್ಪದಂತೆ ನಡೆಸುವ ಮೂರನೆಯವನೊಬ್ಬ ಬೇಕು. ಅವನಿಗೆ ಸಂಬಳ ಬೇಕು. ಪೆನಿಕೀಸ್ ಮುಚ್ಚಿದುದು ಗುರುವು ಇಲ್ಲದುದರಿಂದ. ಈ ಕಾಲದ ಸಂಸ್ಥೆಗಳು ಸೊರಗುವುದು ಈ ಮೂರನೆಯವನು ಇಲ್ಲದುದರಿಂದ.

ನಮ್ಮ ನಾಡಿನ ಮಾತನ್ನೂ ಒಂದಿಷ್ಟು ಆಡದೆ ಮುಗಿಸಲಾಗದು. ಬಲ್ಲವನೂ ಹೇಳಬಲ್ಲವನೂ ಒಬ್ಬನೇ ಆದ ಅಪೂರ್ವ ಯೋಗ ನಮಗೂ ದೊರೆತಿತ್ತು; ಕಡಲ ತಡಿಯ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ‘ಬಾಲ ಪ್ರಪಂಚ’ವನ್ನೂ ‘ವಿಜ್ಞಾನ ಪ್ರಪಂಚ’ವನ್ನೂ ಒಬ್ಬರೇ ಕುಳಿತು ಬರೆದರು. ಇಂದು ನಮ್ಮ ಕರಾವಳಿಯಲ್ಲಿ ಸಂಸ್ಥೆಗಳಿಗೆ ಬರವಿಲ್ಲ. ಮಂಗಳೂರಿನಲ್ಲಿ 1969ರಲ್ಲಿ ಸ್ಥಾಪಿತವಾದ, ದೇಶದಲ್ಲಿಯೇ ಮೊದಲನೆಯದಾದ ಮೀನುಗಾರಿಕಾ ಕಾಲೇಜಿದೆ; ಕಾರವಾರದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸಾಗರಜೀವಶಾಸ್ತ್ರ ವಿಭಾಗವಿದೆ. ಹೈದರಾಬಾದಿನಲ್ಲಿರುವ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರವು ಉಪಗ್ರಹಗಳು ಅಳೆದ ನೀರಿನ ಶಾಖವನ್ನೂ ಹಸುರನ್ನೂ ನೋಡಿ, ಮೀನು ದೊರೆಯಬಹುದಾದ ತಾಣದ ದಿಕ್ಕು, ದೂರ, ಆಳಗಳನ್ನು ಕರಾವಳಿಯ ಭಾಷೆಗಳಲ್ಲಿ ಬಂದರುಗಳಿಗೆ ತಿಳಿಸುತ್ತದೆ. ಬಂಗುಡೆ ಬೂತಾಯಿಗಳನ್ನು ಹಿಡಿಯಹೊರಟವನಿಗೆ ಒದಗುವ ಈ ವಿಜ್ಞಾನವು ಅವನ ಮಗಳು ಓದುವ ಪ್ರೌಢಶಾಲೆಯ ತರಗತಿಯನ್ನು ಇನ್ನೂ ಹೊಕ್ಕಿಲ್ಲವಾದರೆ, ಅದಕ್ಕೆ ಕಾರಣ ಜ್ಞಾನದ ಅಭಾವವಲ್ಲ. ಒಂದು ದೊಡ್ಡ ಕಾಗದ, ಒಂದು ಪೆನ್ಸಿಲು, ಒಬ್ಬ ವಿಜ್ಞಾನಿ, ನಾಲ್ವರು ಉಪಾಧ್ಯಾಯರು, ಎರಡು ದಿನದ ಬಿಡುವು, ಇಷ್ಟು ಸಾಕು. ಮೇನ್‌ನವರು ಆರಂಭಿಸಿದ ಕೆಲಸಕ್ಕೆ ಇದಕ್ಕಿಂತ ಹೆಚ್ಚಿನ ಸಾಮಗ್ರಿಯೇನೂ ಬೇಕಾಗಿಲ್ಲ.

ಆದುದರಿಂದ ಸಂಶೋಧನೆಗೆ ಹಣ ಮಂಜೂರು ಮಾಡುವ ಅಧಿಕಾರಿಗಳಲ್ಲಿ ನನ್ನ ವಿನಂತಿ ಇಷ್ಟೆ. ಹಡಗಿಗೆ, ಯಂತ್ರಕ್ಕೆ, ಪ್ರಯಾಣಕ್ಕೆ ಎಂದು ಸಾಲುಸಾಲಾಗಿ ಬರೆಯುವ ಅಂದಾಜುಪಟ್ಟಿಯಲ್ಲಿ ಉಪಾಧ್ಯಾಯನ ಹೆಸರಿಗೂ ಒಂದು ಸಾಲು ಇರಲಿ. ಅದನ್ನು ದಾನವೆಂದು ಬರೆಯಬೇಡಿ. ಸಂಶೋಧನೆಯ ವೆಚ್ಚವೆಂದೇ ಬರೆಯಿರಿ.